ಮೀಡ್ ಮತ್ತು ಮದ್ರಾಸಿನ ಸೆಕೆ

ಜೇನುತುಪ್ಪವನ್ನು ನೀರಿನಲ್ಲಿ ಕದಡಿ ಯೀಸ್ಟ್‌ನಿಂದ ಹುದುಗಿಸಿದ ಮದ್ಯವೇ ಮೀಡ್. ಹೊಸಬರಿಗೆ ಹೇಳಿಕೊಡುವ ಪಾಠ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಒಂದೂವರೆ ಕೆಜಿ ಜೇನು, ಒಟ್ಟು ನಾಲ್ಕೂವರೆ ಲೀಟರ್ ಆಗುವಷ್ಟು ನೀರು, ಒಂದು ಪೊಟ್ಟಣ ವೈನ್ ಯೀಸ್ಟ್, ಅನಿಲ ಹೊರಹೋದರೂ ಗಾಳಿ ಒಳಬಾರದ ಮುಚ್ಚಳ. ಸಕ್ಕರೆಯೆಲ್ಲ ಹುದುಗಿ ಮುಗಿದರೆ ಶೇ. 13ರ ಆಸುಪಾಸಿನ ಮದ್ಯಸಾರ ಸಿಗುತ್ತದೆ. ಪಾತ್ರೆಗಳ ಶುಚಿತ್ವಕ್ಕೂ ಸಾಂದ್ರತೆಯ ಅಳತೆಗೂ ಈ ಪಾಠ ಕೊಡುವ ಮಹತ್ವ ಸರಿಯಾದದ್ದು. ಜೇನಿನಲ್ಲಿ ಸಾರಜನಕ ತೀರ ಕಡಿಮೆ. ಯೀಸ್ಟ್‌ಗೆ ಬೇರೆ ಪೋಷಕ ಹಾಕದಿದ್ದರೆ ಹುದುಗು ಅರ್ಧಕ್ಕೇ ನಿಂತು ಗಂಧಕದ ನಾತ ಹೊಡೆಯುತ್ತದೆ ಎಂಬ ಎಚ್ಚರಿಕೆಯೂ ಉಪಯುಕ್ತ.

ಎಡವಟ್ಟಾಗುವುದು ‘ಕೋಣೆಯ ಉಷ್ಣತೆಯಲ್ಲಿ ಇಡಿ’ ಎಂಬ ಸಾಲಿನಲ್ಲಿ. ಅದು ಚಳಿನಾಡಿನ ಕೋಣೆ. ಅಲ್ಲಿನ ಲೆಕ್ಕ 18ರಿಂದ 22 ಡಿಗ್ರಿ. ಚೆನ್ನೈನ ಮೇ ತಿಂಗಳಲ್ಲಿ ಹಗಲು 38 ಡಿಗ್ರಿ ಮುಟ್ಟುತ್ತದೆ, ರಾತ್ರಿಯೂ 28ರ ಆಸುಪಾಸಿನಲ್ಲೇ ಇರುತ್ತದೆ. ಹುದುಗುವಾಗ ದ್ರವ ತಾನೇ ಇನ್ನಷ್ಟು ಬಿಸಿಯಾಗುತ್ತದೆ. ಅಂಥ ಸೆಕೆಯಲ್ಲಿ ಸಾಮಾನ್ಯ ವೈನ್ ಯೀಸ್ಟ್ ಗಂಟಲು ಸುಡುವ ಭಾರದ ಮದ್ಯಸಾರಗಳನ್ನು ಹುಟ್ಟಿಸುತ್ತದೆ. ಅವು ತಿಂಗಳುಗಟ್ಟಲೆ ಮಾಗಿಸಿದರೂ ಪೂರ್ತಿ ಹೋಗುವುದಿಲ್ಲ. 30 ಡಿಗ್ರಿ ದಾಟಿದರೂ ಹದಗೆಡದ ನಾರ್ವೆಯ ಹಳ್ಳಿಗಾಡಿನ ಕ್ವೈಕ್ ಯೀಸ್ಟ್ ಇದಕ್ಕೆ ಒಂದು ಪರಿಹಾರ. ಆದರೆ ಆರಂಭದ ಪಾಠಗಳಲ್ಲಿ ಅದರ ಹೆಸರು ಬರುವುದೇ ಕಡಿಮೆ.

ಸೆಕೆಗಿಂತ ದೊಡ್ಡ ತಡೆ ಕಾನೂನು. ರಾಜಾಜಿ ಸರ್ಕಾರ 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧದ ಕಾಯ್ದೆಯೇ ಅನೇಕ ತಿದ್ದುಪಡಿಗಳೊಂದಿಗೆ ತಮಿಳುನಾಡಿನಲ್ಲಿ ಇಂದಿಗೂ ಜಾರಿಯಲ್ಲಿದೆ. ಸರ್ಕಾರದ ಟಾಸ್ಮಾಕ್ ಮದ್ಯದಂಗಡಿಯಲ್ಲಿ ಕೊಂಡು ಕುಡಿಯಬಹುದು. ಪರವಾನಗಿಯಿಲ್ಲದೆ ಅಡುಗೆಮನೆಯಲ್ಲಿ ತಯಾರಿಸಿದರೆ ಅಪರಾಧ, ಸ್ವಂತ ಬಳಕೆಗೆ ಎಂದರೂ ಬಿಡುಗಡೆಯಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯೂ ಪರವಾನಗಿ ಕೇಳುತ್ತದೆ, ಕೊಡಗಿನ ಮನೆ ವೈನಿನ ರೂಢಿ ಏನೇ ಇರಲಿ. ಹೀಗಾಗಿ ಚೆನ್ನೈನವರಿಗೆ ಈ ಪಾಠ ಓದಿ ತಿಳಿಯುವುದಕ್ಕಷ್ಟೇ.

ಜೇನು ಹುದುಗಿಸುವ ವಿದ್ಯೆ ಆ ಊರಿಗೆ ಹೊಸದೇನಲ್ಲ. 1944ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ವೈದ್ಯರ ಸಹಕಾರ ಸಂಘ ಇಂಪ್ಕಾಪ್ಸ್ ಆಯುರ್ವೇದ, ಸಿದ್ಧ, ಯುನಾನಿ ಔಷಧಗಳನ್ನು ತಯಾರಿಸುತ್ತ ಬಂದಿದೆ. ಆಯುರ್ವೇದದ ಆಸವ, ಅರಿಷ್ಟಗಳೆಂದರೆ ಬೆಲ್ಲವೂ ಜೇನೂ ಸೇರಿ ಹುದುಗಿದ ಮದ್ದುಗಳೇ. ಪ್ರಮಾಣ ಹೇಳದ ಕಡೆ ಅನುಸರಿಸಬೇಕಾದ ಸೂತ್ರವನ್ನು ಶಾರ್ಙ್ಗಧರ ಸಂಹಿತೆ ಕೊಡುತ್ತದೆ: ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧ ಜೇನು. ಪಲವೆಂಬ ಹಳೆಯ ತೂಕದ ಲೆಕ್ಕದಲ್ಲಿ 256ಕ್ಕೆ 100 ಮತ್ತು 50. ಇದನ್ನು ಅಕ್ಷರಶಃ ಹಿಡಿದರೆ ದ್ರಾವಣ ವಿಪರೀತ ಸಿಹಿ. ಯೀಸ್ಟ್ ಬಹುಬೇಗ ದಣಿದು ಸಕ್ಕರೆ ಉಳಿದುಬಿಡುತ್ತದೆ. ದ್ರವವನ್ನು ಇಮ್ಮಡಿಯಾಗಿ ತೆಗೆದುಕೊಳ್ಳಬೇಕೆಂಬ ವೈದ್ಯಪರಿಭಾಷೆಯ ನಿಯಮವನ್ನು ಅನ್ವಯಿಸಿದರೆ ಲೆಕ್ಕ ಇಂದಿನ ಮೀಡ್‌ನ ಹತ್ತಿರಕ್ಕೇ ಬರುತ್ತದೆ. ಈ ಎರಡು ಓದುಗಳ ನಡುವಿನ ಅಂತರ ಸಣ್ಣದಲ್ಲ.

ಯೀಸ್ಟ್ ಪೊಟ್ಟಣದ ಜಾಗದಲ್ಲಿ ಇಲ್ಲಿ ಧಾತಕಿ ಹೂವಿದೆ. ಯೀಸ್ಟ್‌ನೊಂದಿಗೆ ಒಗರನ್ನೂ ಅದೇ ತರುತ್ತದೆ. ಒಳಮೈಗೆ ತುಪ್ಪ ಸವರಿದ ಮಡಕೆಯನ್ನು ಬಟ್ಟೆ, ಜೇಡಿಮಣ್ಣಿನಿಂದ ಬಿಗಿದು ಭತ್ತದ ರಾಶಿಯಲ್ಲಿ ಹೂತಿಡುವ ಕ್ರಮ ಹಗಲುರಾತ್ರಿಯ ಏರಿಳಿತವನ್ನು ತಡೆಯುತ್ತದೆ, ಆದರೆ ತಂಪು ಕೊಡುವುದಿಲ್ಲ. ಹುದುಗು ಮುಗಿಯಿತೇ ಎಂದು ತಿಳಿಯಲು ಉರಿಯುವ ಕಡ್ಡಿಯನ್ನು ಮಡಕೆಯ ಬಾಯಿಗೆ ಹಿಡಿಯುತ್ತಾರೆ. ಆರದಿದ್ದರೆ ಇಂಗಾಲದ ಡೈಆಕ್ಸೈಡ್ ಹೊರಡುವುದು ನಿಂತಿದೆ ಎಂದರ್ಥ. ಪರೀಕ್ಷೆ ಜಾಣತನದ್ದೇ. ಆದರೂ ಹುದುಗು ಮುಗಿದು ನಿಂತಿತೋ, ಯೀಸ್ಟ್ ನಡುವೆಯೇ ಸತ್ತು ನಿಂತಿತೋ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಸಾಂದ್ರತಾಮಾಪಕವೇ ಬೇಕು. ಹೂವಿನ ಯೀಸ್ಟ್ ಒಂದು ಕೊಯ್ಲಿನಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಪ್ರತಿ ಮಡಕೆಯ ರುಚಿಯೂ ಬಲವೂ ಬೇರೆ.

ಆಸವ ಸೆಕೆಯನ್ನು ಗೆದ್ದಿದೆ ಎಂದು ಹೊಗಳುವವರು ಒಂದು ಸಂಗತಿ ಮರೆಯುತ್ತಾರೆ. 15ರಿಂದ 30 ಮಿಲಿಲೀಟರ್ ಮದ್ದನ್ನು ನೀರು ಬೆರೆಸಿ ಕುಡಿಯುವವನಿಗೆ ಗಂಟಲ ಉರಿ ಲೆಕ್ಕಕ್ಕಿಲ್ಲ. ಗಿಡಮೂಲಿಕೆಯ ಕಹಿ ಉಳಿದೆಲ್ಲ ದೋಷವನ್ನೂ ಮುಚ್ಚುತ್ತದೆ. ಮೀಡ್‌ಗೆ ಆ ಮರೆಯಿಲ್ಲ. ಜೇನಿನ ನವಿರಾದ ಪರಿಮಳವೇ ಅದರ ಬಂಡವಾಳ, ಹುದುಗಿನ ಬಿಸಿಗೆ ಮೊದಲು ಹಾರಿಹೋಗುವುದೂ ಅದೇ. ಉಷ್ಣತೆಯ ಪ್ರಶ್ನೆಯನ್ನು ಹಳೆಯ ವಿಧಾನ ಬಿಡಿಸಿಲ್ಲ, ಅದನ್ನು ಎದುರಿಸಬೇಕಾಗಿಯೇ ಬಂದಿಲ್ಲ. ಕೈಯಾರೆ ಕಲಿಯಬೇಕೆನ್ನುವವರಿಗೆ ಕಾನೂನಿನೊಳಗಿನ ದಾರಿ ಆಯುರ್ವೇದ ಪದವಿಯ ಭೈಷಜ್ಯ ಕಲ್ಪನಾ (ಔಷಧ ತಯಾರಿಕೆ) ಪ್ರಯೋಗಶಾಲೆ; ಅಲ್ಲಿ ಆಸವ, ಅರಿಷ್ಟಗಳ ಸಂಧಾನ, ಅಂದರೆ ಹುದುಗಿಸುವಿಕೆ, ಪಾಠಕ್ರಮದ ಭಾಗವೇ ಆಗಿದೆ.