ಧ್ಯೇಯವೂ ಚರಿತ್ರೆಯೂ: ಟೆನೆಸಿ ಕಣಿವೆ ಪ್ರಾಧಿಕಾರವನ್ನು ಕುರಿತ ಎರಡು ಗ್ರಂಥಗಳು

ಸಾರ್ವಜನಿಕ ಸಂಸ್ಥೆಯೊಂದು ತನ್ನ ಧ್ಯೇಯವನ್ನು ತಾನೇ ಸಾರಿದಾಗ ಅದನ್ನು ಅದರ ಚರಿತ್ರೆಯೆಂದು ಓದಬಹುದೇ? ನೀರು ಮತ್ತು ವಿದ್ಯುಚ್ಛಕ್ತಿಗಳನ್ನು ಜನರ ಹೆಸರಿನಲ್ಲಿ ನಿರ್ವಹಿಸುವ ಸಂಸ್ಥೆಗಳನ್ನು ಅಭ್ಯಸಿಸುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು. ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರವನ್ನು ಕುರಿತ ಎರಡು ಗ್ರಂಥಗಳನ್ನು ಎದುರುಬದುರಾಗಿರಿಸಿ ಇದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಒಂದು, ಡೇವಿಡ್ ಲಿಲಿಯೆಂಥಾಲರ ‘ಟಿ.ವಿ.ಎ.: ಡೆಮಾಕ್ರಸಿ ಆನ್ ದಿ ಮಾರ್ಚ್’ (1944), ಇನ್ನೊಂದು, ಫಿಲಿಪ್ ಸೆಲ್ಜ್‌ನಿಕ್ಕರ ‘ಟಿ.ವಿ.ಎ. ಅಂಡ್ ದಿ ಗ್ರಾಸ್ ರೂಟ್ಸ್’ (1949).

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿಗೆ ಬೇಕಾದ ನೈಟ್ರೇಟಿಗಾಗಿ ಮಸಲ್ ಶೋಲ್ಸ್‌ನಲ್ಲಿ ಆರಂಭಿಸಿದ ವಿಲ್ಸನ್ ಆಣೆಕಟ್ಟನ್ನು ಖಾಸಗಿಯವರಿಗೆ ಕೊಡಬಾರದೆಂದು ಸೆನೆಟರ್ ಜಾರ್ಜ್ ನಾರಿಸ್ ದೀರ್ಘಕಾಲ ಹೋರಾಡಿದರು. 1933ರ ಮೇ 18ರಂದು ಅಧ್ಯಕ್ಷ ರೂಸ್‌ವೆಲ್ಟರು ಪ್ರಾಧಿಕಾರದ ಶಾಸನಕ್ಕೆ ಸಹಿ ಹಾಕಿದರು. ಏಳು ಸಂಸ್ಥಾನಗಳಲ್ಲಿ ಹರಡಿದ ಕಣಿವೆಯ ನೆರೆಹಾವಳಿಯನ್ನು ತಡೆಯುವುದು, ನೌಕಾಸಂಚಾರಕ್ಕೆ ನದಿಯನ್ನು ಅಣಿಗೊಳಿಸುವುದು, ಮಣ್ಣಿನ ಸವಕಳಿಯನ್ನು ನಿಲ್ಲಿಸುವುದು ಇವು ಮುಖ್ಯ ಕಾರ್ಯಗಳು. ವಿದ್ಯುದುತ್ಪಾದನೆ ಶಾಸನದ ದೃಷ್ಟಿಯಲ್ಲಿ ಇವುಗಳ ಉಪಫಲ.

ಲಿಲಿಯೆಂಥಾಲರು ಮೊದಲ ಮೂವರು ನಿರ್ದೇಶಕರಲ್ಲಿ ಒಬ್ಬರು. ಅಧಿಕಾರ ಕೇಂದ್ರದ್ದಾದರೂ ಆಡಳಿತವು ಸ್ಥಳೀಯ ಜನರೊಡನೆ ಕೂಡಿ ನಡೆಯಬೇಕೆಂಬುದು ಅವರ ವಾದ. ನದಿ, ಮಣ್ಣು, ಅರಣ್ಯ, ಮನುಷ್ಯ ಇವು ಒಂದೇ ಬಾಳಿನ ಅಂಗಗಳೆಂಬುದನ್ನು ಅವರು ಮನಮುಟ್ಟುವಂತೆ ಹೇಳಿದ್ದಾರೆ. ಗ್ರಂಥದ ಹಿರಿಮೆ ಇದು. ಆದರೆ ‘ಜನ’ವೆಂಬ ಮಾತು ಅವರಲ್ಲಿ ಅವಿಭಕ್ತವಾಗಿಯೇ ಉಳಿಯುತ್ತದೆ. ಜನರಲ್ಲಿ ಯಾರು ಎಂದು ಅವರು ಸಾಕಷ್ಟು ಕೇಳಲಿಲ್ಲ.

ಸೆಲ್ಜ್‌ನಿಕ್ಕರು ಕೇಳಿದ್ದು ಅದನ್ನೇ. ಪ್ರಾಧಿಕಾರವು ತನ್ನ ಕೃಷಿಕಾರ್ಯವನ್ನು ಸಂಸ್ಥಾನಗಳ ಕೃಷಿ ಕಾಲೇಜುಗಳಿಗೂ ಅವುಗಳ ವಿಸ್ತರಣ ಸೇವೆಗೂ ಒಪ್ಪಿಸಿತು. ಅವುಗಳ ಬೆನ್ನಿಗಿದ್ದ ಅನುಕೂಲಸ್ಥ ರೈತರ ದನಿ ಹೀಗೆ ‘ಜನರ ದನಿ’ಯಾಯಿತು, ಕರಿಯ ರೈತರೂ ಗೇಣಿದಾರರೂ ಹಿಂದೆ ಉಳಿದರು. ಎದುರಾಗಬಹುದಾದವರನ್ನು ಒಳಗೆ ಸೇರಿಸಿಕೊಂಡ ಸಂಸ್ಥೆ ಅವರಿಗೆ ತಕ್ಕಂತೆ ತಾನೇ ಬದಲಾಗುತ್ತದೆಂಬುದು ಅವರ ಸಿದ್ಧಾಂತ. ಜಲಾಶಯಗಳ ಅಂಚಿನ ಭೂಮಿಯನ್ನು ವಿಶಾಲವಾಗಿ ಸಾರ್ವಜನಿಕ ಒಡೆತನದಲ್ಲಿ ಇರಿಸಿಕೊಳ್ಳುವ ನೀತಿಯಿಂದ ಪ್ರಾಧಿಕಾರ ಹಿಂದೆ ಸರಿದುದು ಇದಕ್ಕೆ ನಿದರ್ಶನ.

ಈ ವಿಮರ್ಶೆಯನ್ನು ನಾವು ಒಪ್ಪುತ್ತೇವೆ. ಆದರೆ ಅದು ಸಾಲದು. ನಾರಿಸ್ ಆಣೆಕಟ್ಟಿಗಾಗಿ ಸುಮಾರು 2,900 ಕುಟುಂಬಗಳು ಮನೆಮಾರು ಬಿಟ್ಟವು. ಆಣೆಕಟ್ಟಿನ ಕೆಲಸಕ್ಕೆಂದು ಕಟ್ಟಿದ ಮಾದರಿ ಪಟ್ಟಣದಲ್ಲಿ ಕರಿಯರಿಗೆ ವಾಸದ ಮನೆಗಳಿರಲಿಲ್ಲ. ಇವರ ಅನುಭವ ಎರಡು ಗ್ರಂಥಗಳಲ್ಲಿ ಯಾವುದರ ಕೇಂದ್ರಕ್ಕೂ ಬರುವುದಿಲ್ಲ. ಅಲ್ಲದೆ, ಮುಂದಿನ ಚರಿತ್ರೆ ಇಬ್ಬರ ಎಣಿಕೆಯನ್ನೂ ಮೀರಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಯೂಮಿನಿಯಮ್ ತಯಾರಿಕೆಗೂ ಓಕ್ ರಿಜ್‌ನ ಪರಮಾಣು ಕಾರ್ಯಕ್ಕೂ ವಿದ್ಯುತ್ತು ಬೇಕಾಯಿತು. 1950ರ ದಶಕದ ನಡುವಿನ ಹೊತ್ತಿಗೆ ನೀರಿಗಿಂತ ಕಲ್ಲಿದ್ದಲೇ ಅದರ ದೊಡ್ಡ ಶಕ್ತಿಮೂಲವಾಗಿತ್ತು. 1959ರ ತಿದ್ದುಪಡಿಯ ತರುವಾಯ ವಿದ್ಯುತ್ ಶಾಖೆ ತನ್ನ ಸಾಲಪತ್ರಗಳಿಂದಲೂ ವರಮಾನದಿಂದಲೂ ತನ್ನನ್ನು ತಾನೇ ಪೋಷಿಸಿಕೊಳ್ಳಬೇಕಾಯಿತು. 2008ರ ಡಿಸೆಂಬರಿನಲ್ಲಿ ಕಿಂಗ್‌ಸ್ಟನ್ ಸ್ಥಾವರದ ಬೂದಿಯ ಕಟ್ಟೆಯೊಡೆದು, ಯಾವ ನದಿಗಳನ್ನು ಕಾಯಲು ಸಂಸ್ಥೆ ಹುಟ್ಟಿತೋ ಆ ನದಿಗಳಿಗೇ ಬೂದಿ ಹರಿಯಿತು. ಉಪಫಲವಾಗಿದ್ದುದು ಮೂಲಫಲವಾದ ಕಥೆಯಿದು. ಸಂಸ್ಥೆಯನ್ನು ಬದಲಿಸಿದ್ದು ಬಲಿಷ್ಠ ರೈತರಷ್ಟೇ ಅಲ್ಲ. ವಿದ್ಯುತ್ತಿನ ಬೇಡಿಕೆಯೂ ಹೌದು.

ಈ ವಿಚಾರ ನಮಗೆ ದೂರದ್ದಲ್ಲ. ಟೆನೆಸಿಯ ಮಾದರಿಯಲ್ಲಿಯೇ 1948ರಲ್ಲಿ ದಾಮೋದರ ಕಣಿವೆ ನಿಗಮ ಸ್ಥಾಪಿತವಾಯಿತು. ತಿಲೈಯಾ, ಕೋನಾರ್, ಮೈಥಾನ್, ಪಂಚೇತ್ ಆಣೆಕಟ್ಟುಗಳು 1953ರಿಂದ 1959ರೊಳಗೆ ಮುಗಿದವು; ಆದರೆ ಅದೂ ಕ್ರಮೇಣ ಮುಖ್ಯವಾಗಿ ಕಲ್ಲಿದ್ದಲಿನ ವಿದ್ಯುತ್ ಸಂಸ್ಥೆಯಾಯಿತು. ಇನ್ನೂ ಹಿಂದೆ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ದೀಪಗಳು ಬೆಳಗಿದ್ದು 1905ರಲ್ಲಿ.

ಆದುದರಿಂದ ಸಾರ್ವಜನಿಕ ಒಡೆತನವನ್ನು ನಾವು ಅಲ್ಲಗಳೆಯಬೇಕೆಂದಲ್ಲ. ಅಗ್ಗದ ದರದಲ್ಲಿ ಹಳ್ಳಿಯ ಮನೆಗಳಿಗೆ ಬೆಳಕು ಬಂದುದು ಸಣ್ಣ ಮಾತಲ್ಲ. ಧ್ಯೇಯವು ಸಂಸ್ಥೆ ಕೊಟ್ಟ ಮಾತು. ಚರಿತ್ರೆ ಆ ಮಾತಿನ ಲೆಕ್ಕ. ಲಿಲಿಯೆಂಥಾಲರಿಂದ ಮಾತನ್ನೂ ಸೆಲ್ಜ್‌ನಿಕ್ಕರಿಂದ ಲೆಕ್ಕ ಕೇಳುವ ಕ್ರಮವನ್ನೂ ನಮ್ಮ ವಿದ್ಯಾರ್ಥಿಗಳು ಕಲಿಯಬಹುದು. ಮುಳುಗಿದ ಊರಿನವರ ಬಾಬತ್ತನ್ನು ಆ ಲೆಕ್ಕಕ್ಕೆ ಸೇರಿಸುವ ಕೆಲಸ ಅವರಿಗೇ ಉಳಿದಿದೆ.