ತತ್ತಿ, ಪಂಕ್ತಿ ಮತ್ತು ನಮ್ಮ ವಿಮರ್ಶೆ

ದಲಿತ ವಿಮರ್ಶೆಯೆಂದರೆ ದಲಿತರು ಬರೆದ ಕಥೆ-ಕವಿತೆಗಳ ವಿಮರ್ಶೆ ಎಂದು ನಾವೇ ಒಂದು ಗೆರೆ ಎಳೆದುಕೊಂಡು ಕೂತಿದ್ದೇವೆ. ಕೃತಿಯ ಆಚೆ, ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ ಹುಟ್ಟುವ ಮಾತುಗಳನ್ನು ಸಮಾಜಶಾಸ್ತ್ರದವರಿಗೆ ಬಿಟ್ಟುಕೊಟ್ಟಿದ್ದೇವೆ. ಇದರಿಂದ ಆದ ನಷ್ಟಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ.

2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರು ಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆ ಹೊತ್ತಿನಲ್ಲಿ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಕ್ಯಾಮೆರಾ ಮುಂದೆ ನಿಂತು, ನಮಗ ತತ್ತಿ ಬೇಕು, ಕೊಡಲಿಲ್ಲಂದ್ರ ನಿಮ್ಮ ಮಠಕ್ಕ ಬಂದು ತಿಂತೀವಿ ಎನ್ನುವ ಅರ್ಥದ ಮಾತಾಡಿದಳು. ಮೊಬೈಲುಗಳಲ್ಲಿ ಊರೂರು ತಿರುಗಿದ ಆ ಮಾತಿಗೆ ನಕ್ಕೆವು, ಕೆಲವರು ಬೈದರು, ಆಮೇಲೆ ಮರೆತೆವು. ಅದೊಂದು ಪಠ್ಯ, ಅದನ್ನು ಓದಬೇಕು ಅಂತ ನಮಗೆ ಅನ್ನಿಸಲಿಲ್ಲ.

ಓದುವ ಮೊದಲು ಅದರ ಎದುರಿಗಿದ್ದ ಪಠ್ಯವನ್ನು ನೋಡಬೇಕು. ಮೊಟ್ಟೆ ಬೇಡವೆಂದವರು 'ಮಡಿ' ಎಂಬ ಶಬ್ದ ಬಳಸಲಿಲ್ಲ. ಮಕ್ಕಳಲ್ಲಿ 'ಭೇದಭಾವ' ಹುಟ್ಟುತ್ತದೆ ಅಂದರು. ಒಂದೇ ಸಾಲಿನಲ್ಲಿ ಕೂತ ಒಬ್ಬನ ತಾಟಿನಲ್ಲಿ ಮೊಟ್ಟೆ, ಇನ್ನೊಬ್ಬನ ತಾಟಿನಲ್ಲಿ ಹಣ್ಣು, ಇದು ಸಮಾನತೆಯಲ್ಲ ಎಂಬುದು ವಾದ. ಕೇಳಲಿಕ್ಕೆ ಚಂದ ಐತಿ. ಆದರೆ ಸಮಾನತೆಗಾಗಿ ಯಾರ ತಾಟಿನಿಂದ ಏನು ತೆಗೆಯಬೇಕು? ತತ್ತಿ ತಿನ್ನುವವನ ತಾಟಿನಿಂದ ತತ್ತಿ. ತಿನ್ನದವನು ಏನೂ ಬಿಡಬೇಕಾಗಿಲ್ಲ. ಸಾವಿರ ವರ್ಷ ಪಂಕ್ತಿಭೇದವನ್ನು ನಡೆಸಿಕೊಂಡು ಬಂದ ಭಾಷೆ ಈಗ ಪಂಕ್ತಿಯ ಸಮಾನತೆಯ ಭಾಷೆಯನ್ನು ಎರವಲು ಪಡೆದು ಅದೇ ಕೆಲಸ ಮಾಡುತ್ತಿದೆ. ಯಜಮಾನಿಕೆಯ ಈ ಹೊಸ ವ್ಯಾಕರಣವನ್ನು ಬಿಡಿಸಿ ತೋರಿಸಬೇಕಾದವರು ವಿಮರ್ಶಕರಲ್ಲದೆ ಇನ್ಯಾರು?

ಬಿಸಿಯೂಟಕ್ಕೆ 2002ರಲ್ಲಿ ಇಟ್ಟ ಹೆಸರು 'ಅಕ್ಷರ ದಾಸೋಹ'. ದಾಸೋಹ ಶರಣರ ಶಬ್ದ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಕೂತು ಉಂಡ ಸಾಲಿನ ಶಬ್ದ. ಮಠಗಳು ಬಡ ಮಕ್ಕಳಿಗೆ ಅನ್ನ ಹಾಕಿದ್ದನ್ನು ನಾನು ಅಲ್ಲಗಳೆಯುತ್ತಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ಉಣ್ಣದವರು ಈ ಸೀಮೆಯಲ್ಲಿ ಕಡಿಮೆ; ಅಲ್ಲಿನ ವಿದ್ಯಾರ್ಥಿ ನಿಲಯದಲ್ಲಿ ಓದಿದವರು ನಮ್ಮ ಕಾಲೇಜುಗಳ ತುಂಬ ಇದ್ದಾರೆ. ಆದರೆ ಮಠದ ದಾಸೋಹದಲ್ಲಿ ಉಣ್ಣುವವನು ಅತಿಥಿ. ಸರಕಾರಿ ಶಾಲೆಯಲ್ಲಿ ಹಾಗಲ್ಲ, ಅದು ಅವನ ಹಕ್ಕು. ಶಬ್ದ ಒಂದೇ ಆದದ್ದರಿಂದ ಈ ವ್ಯತ್ಯಾಸ ಮಸುಕಾಯಿತು. ನೀಡುವವರು ಆರಿಸುತ್ತಾರೆ, ಉಣ್ಣುವವರು ಸುಮ್ಮನಿರಬೇಕು ಎಂಬ ರೂಢಿ ಶಾಲೆಯೊಳಕ್ಕೂ ಬಂತು.

ಇದು ಬರೀ ಆಹಾರದ ಪ್ರಶ್ನೆ ಅನ್ನುವವರಿಗೆ ನಮ್ಮ ಕುಷ್ಟಗಿ ತಾಲೂಕಿನ ಮಿಯಾಪುರ ನೆನಪಿಸಬೇಕು. ತತ್ತಿಯ ಗದ್ದಲಕ್ಕೆ ಮೂರು ತಿಂಗಳ ಮುಂಚೆ, 2021ರ ಸೆಪ್ಟೆಂಬರಿನಲ್ಲಿ, ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿಹೋಯಿತೆಂದು ಶುದ್ಧಿಯ ಖರ್ಚನ್ನು ಆ ಮನೆಯವರ ಮೇಲೆ ಹೇರಿದ್ದು ಅಲ್ಲಿ. ಗುಡಿಯಲ್ಲಿ ಮಗುವಿನ ಕಾಲು, ಶಾಲೆಯಲ್ಲಿ ಮಗುವಿನ ಬಾಯಿ. ಅಂಬೇಡ್ಕರರು ಶಾಲೆಗೆ ಹೋಗುವಾಗ ಜವಾನ ಮೇಲಿಂದ ನೀರು ಸುರಿದರೆ ಉಂಟು, ಜವಾನ ಇಲ್ಲದಿದ್ದರೆ ನೀರೇ ಇಲ್ಲ. ನೂರು ವರ್ಷ ದಾಟಿದರೂ ಶಾಲೆಯೊಳಗಿನ ಜಾತಿ ಮಗುವಿನ ಗಂಟಲಿನ ಹತ್ತಿರವೇ ಕೂತಿದೆ.

ಇನ್ನು ತತ್ತಿಯ ಪರವಾಗಿ ನಿಂತವರ ಭಾಷೆ. ನಾವೆಲ್ಲ ಈ ಕಡೆಯವರೇ, ಆದರೂ ಹೇಳಬೇಕು. ಅವರು ಗ್ರಾಮುಗಳಲ್ಲಿ ಮಾತಾಡಿದರು. ಪ್ರೋಟೀನು ಇಷ್ಟು, ಎತ್ತರ ಇಷ್ಟು, ತೂಕ ಇಷ್ಟು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಅಧ್ಯಯನವು ತತ್ತಿ ಸಿಕ್ಕ ಯಾದಗಿರಿಯ ಮಕ್ಕಳು ಸಿಗದ ಗದಗಿನ ಮಕ್ಕಳಿಗಿಂತ ಚೆನ್ನಾಗಿ ಬೆಳೆದದ್ದನ್ನು ತೋರಿಸಿತು. ಇದು ಬೇಕಾಗಿತ್ತು. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ರಾಜ್ಯ ನಮ್ಮದು (2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ). ಇಂಥ ರಾಜ್ಯದಲ್ಲಿ 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ತಯಾರಾದ ಒಂದು ನಿಲುವು ಪತ್ರ ಮಕ್ಕಳಿಗೆ ಬೊಜ್ಜು ಬಂದೀತೆಂದು ಬಿಸಿಯೂಟದಲ್ಲಿ ಮೊಟ್ಟೆ ಬೇಡ ಎಂದಿತ್ತು! ಅದಕ್ಕೆ ಗ್ರಾಮಿನ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ. ಆದರೆ ಅಷ್ಟಕ್ಕೇ ನಿಂತರೆ ತತ್ತಿ ಔಷಧಿಯಾಗುತ್ತದೆ, ತಿನ್ನುವ ಮಗು ರೋಗಿಯಾಗುತ್ತದೆ. ನಾಳೆ ಯಾರಾದರೂ ಅಷ್ಟೇ ಪ್ರೋಟೀನಿನ ಪುಡಿ ತಂದರೆ ನಮ್ಮ ವಾದ ಮುಗಿದುಹೋಯಿತು. ನಮ್ಮ ಕೇರಿಗಳಲ್ಲಿ ಕೋಳಿ ಹೆಣ್ಣುಮಕ್ಕಳ ಗಂಟು. ತತ್ತಿ ಮಾರಿ ಉಪ್ಪು-ಎಣ್ಣೆ ತರುತ್ತಾರೆ, ನೋಟಬುಕ್ಕು ತರುತ್ತಾರೆ, ಬೀಗರು ಬಂದರೆ ಮಾರದೆ ಕುದಿಸುತ್ತಾರೆ. ಅಪ್ಪ-ಅವ್ವ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದ ಹುಡುಗನಿಗೆ ಶಾಲೆಯಲ್ಲಿ ಸಿಗುವ ತತ್ತಿ ಮನೆಯ ರುಚಿಯೂ ಹೌದು.

ಈ ರುಚಿಯ ಮಾತು ನಮ್ಮ ಪಠ್ಯಗಳೊಳಗೆ ಏಕೆ ಬರುವುದಿಲ್ಲ? ದೇವನೂರ ಮಹಾದೇವರ 'ಒಡಲಾಳ'ವನ್ನು ನಾವು ಪಾಠ ಮಾಡುತ್ತೇವೆ. ಅಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಪರೀಕ್ಷೆಯಲ್ಲಿ ನಾವು ಕೇಳುವ ಪ್ರಶ್ನೆ ಮಾತ್ರ ಒಂದೇ: 'ಹಸಿವಿನ ಚಿತ್ರಣವನ್ನು ವಿವರಿಸಿರಿ.' ಆ ರಾತ್ರಿಯ ಖುಷಿ, ಹಂಚಿಕೊಂಡು ತಿನ್ನುವ ಸಡಗರ ಯಾವ ಗೈಡಿನಲ್ಲೂ ಇಲ್ಲ. ಹಸಿದ ದಲಿತ ಶಿಷ್ಟ ಓದುಗನಿಗೆ ಬೇಕು, ಕಣ್ಣೀರಿಗೆ ಅನುಕೂಲ. ಉಂಡು ಚಪ್ಪರಿಸುವ ದಲಿತನನ್ನು ಕಂಡರೆ ಇರುಸುಮುರುಸು. 'ಒಡಲಾಳ'ದ ಮೇಲೆ ಒಂದು ತಾಸು ಗದ್ಗದಿತರಾಗಿ ಪಾಠ ಮಾಡಿ ಬಂದವರು ಮಧ್ಯಾಹ್ನ ಯಾರದೋ ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ. ಬಿ.ಎ. ತರಗತಿಯಲ್ಲಿ ನಿಮ್ಮ ಮನೆಯ ಅಡಿಗೆ ಬಗ್ಗೆ ಬರೀರಿ ಅಂದರೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿಗೆ ಬಂದು ನಿಲ್ಲುತ್ತಾರೆ. 'ಸರ, ತತ್ತಿ ಅಂತ ಬರೀಬೋದೇನ್ರಿ, ಮೊಟ್ಟೆ ಅಂತ ಬರೀಬೇಕೇನ್ರಿ?' ಅಂತ ಒಬ್ಬ ಕೇಳಿದ. ಶಬ್ದದ ಅನುಮತಿಯನ್ನಾದರೂ ಕೇಳಿದ. ಉಳಿದವರು ವಸ್ತುವನ್ನೇ ಬಿಟ್ಟಿದ್ದರು.

ಈಗ ಗಂಗಾವತಿಯ ಹುಡುಗಿಯ ಮಾತಿಗೆ ಬರೋಣ. ಆಕೆ ಗ್ರಾಮಿನ ಲೆಕ್ಕ ಕೊಡಲಿಲ್ಲ, ಹಸಿವನ್ನು ತೋಡಿಕೊಳ್ಳಲಿಲ್ಲ, ಬೇಡಿಕೊಳ್ಳಲಿಲ್ಲ. 'ಬೇಕು' ಅಂದಳು. ಆಕೆಯ ಬೆದರಿಕೆ ಎಂಥದು ನೋಡಿ: ಕಲ್ಲು ಹೊಡೆಯುತ್ತೇವೆ ಎಂದಲ್ಲ, ನಿಮ್ಮಲ್ಲಿ ಬಂದು ಉಣ್ಣುತ್ತೇವೆ ಎಂದು. ದಾಸೋಹ ಎಂಬ ಶಬ್ದವನ್ನು ಅದನ್ನು ಇಟ್ಟುಕೊಂಡವರ ಬಾಗಿಲಿಗೇ ಒಯ್ದು ನಿಲ್ಲಿಸಿದಳು. 1927ರಲ್ಲಿ ಮಹಾಡದ ಚವದಾರ ಕೆರೆಗೆ ಹೋದವರೂ ನೀರು ಕೊಡಿ ಅನ್ನಲಿಲ್ಲ, ಇಳಿದು ಕುಡಿದರು. ಆ ಹುಡುಗಿಯ ಜಾತಿ ಯಾವುದೆಂದು ಹುಡುಕುವ ಚಟ ನಮಗೆ ಬೇಡ. ಮಾತಿನ ನೆಲೆ ದಲಿತ ನೆಲೆ.

ಸರಕಾರ ಆಮೇಲೆ ತತ್ತಿಯನ್ನು ರಾಜ್ಯಕ್ಕೆಲ್ಲ ವಿಸ್ತರಿಸಿತು; 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಜಗಳ ಮುಗಿದಿಲ್ಲ. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಗುಡಿಯ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಪಾಲಕರು ಮಕ್ಕಳನ್ನು ಬೇರೆ ಶಾಲೆಗೆ ಕಳಿಸಲು ಮುಂದಾದರು. ಅದೇ ವರ್ಷ ಚಾಮರಾಜನಗರದ ಹೊಮ್ಮದಲ್ಲಿ ದಲಿತ ಮಹಿಳೆ ಅಡಿಗೆ ಮಾಡುತ್ತಾಳೆಂದು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ಬಂತು. ಒಂದು ಕಡೆ ಬೇಯುವ ವಸ್ತು, ಇನ್ನೊಂದು ಕಡೆ ಬೇಯಿಸುವ ಕೈ. ಎರಡನ್ನೂ ಪತ್ರಿಕೆಗಳು ಬೇರೆಬೇರೆ ಸುದ್ದಿ ಎಂಬಂತೆ ಅಚ್ಚು ಮಾಡಿದವು. ನಾನು ಓದಿದ ವರದಿಗಳಲ್ಲಿ ಪಾಲಕರ ಮಾತಿತ್ತು, ಅಧಿಕಾರಿಗಳ ಮಾತಿತ್ತು. ತಾಟು ಹಿಡಿದು ಕೂತ ಮಕ್ಕಳ ಮಾತು ಸಿಗಲಿಲ್ಲ.