ಉತ್ತರ ಕೊಡುವ ಹೊಣೆ: ವೈದ್ಯಕೀಯ ಸಂಶೋಧನಾ ದತ್ತಿಸಂಸ್ಥೆಗಳ ವಿಜ್ಞಾನ ಸಂವಹನ

ರೋಗಗಳ ಕಾರಣವನ್ನೂ ಚಿಕಿತ್ಸೆಯನ್ನೂ ಹುಡುಕುವ ಸಂಶೋಧನೆಗೆ ಲಾಭದ ಉದ್ದೇಶವಿಲ್ಲದೆ ಹಣ ಒದಗಿಸುವ, ಇಲ್ಲವೆ ಅಂಥ ಸಂಶೋಧನೆಯನ್ನು ತಾವೇ ನಡೆಸುವ ಸಂಸ್ಥೆಗಳನ್ನು ವೈದ್ಯಕೀಯ ಸಂಶೋಧನಾ ದತ್ತಿಸಂಸ್ಥೆಗಳೆನ್ನುತ್ತಾರೆ. ಔಷಧ ಉದ್ಯಮಿ ಹೆನ್ರಿ ವೆಲ್‌ಕಮ್ ಅವರ ಮರಣಶಾಸನದಂತೆ 1936ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ವೆಲ್‌ಕಮ್ ಟ್ರಸ್ಟ್ ಇವುಗಳಲ್ಲಿ ಬಹು ದೊಡ್ಡದು. ಇಂಥ ಸಂಸ್ಥೆಗಳಲ್ಲಿ ವಿಜ್ಞಾನ ಸಂವಹನದ ಮುಖ್ಯಸ್ಥರೆಂಬ ಹುದ್ದೆಯೊಂದಿದ್ದು, ಪತ್ರಿಕೆಗಳಿಗೆ ಸುದ್ದಿ ಒದಗಿಸುವುದು, ಸರಳವಾಗಿ ಬರೆಯಲು ವಿಜ್ಞಾನಿಗಳಿಗೆ ಕಲಿಸುವುದು, ದಾನಿಗಳಿಗೆ ಲೆಕ್ಕ ಒಪ್ಪಿಸುವುದು, ಸಂಶೋಧನೆಯ ಅರ್ಥವನ್ನು ಸಾರ್ವಜನಿಕರಿಗೆ ತಿಳಿಸುವುದು ಅದರ ಕೆಲಸಗಳಾಗಿವೆ. ಈ ಹುದ್ದೆಯಲ್ಲಿ ಎರಡು ಹೊಣೆಗಳು ಒಟ್ಟಿಗೆ ಕೂತಿವೆ: ಸಂಸ್ಥೆಯ ಹೆಸರನ್ನು ಕಾಯುವುದು ಒಂದು, ಯಾರ ದೇಹದ ಮೇಲೆ ಸಂಶೋಧನೆ ನಡೆಯುತ್ತದೆಯೋ ಅವರಿಗೆ ನಿಜವನ್ನು ತಿಳಿಸುವುದು ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಸಾಗುವವರೆಗೆ ತೊಡಕಿಲ್ಲ. ಅವು ಬೇರೆಯಾದ ಗಳಿಗೆಯಲ್ಲಿ ಎರಡನೆಯದನ್ನು ಆರಿಸಿಕೊಳ್ಳುವ ಅಧಿಕಾರ ಆ ಹುದ್ದೆಗೆ ಇದೆಯೇ ಎಂಬುದರಿಂದಲೇ ಅದರ ಬೆಲೆ ತಿಳಿಯುತ್ತದೆ ಎಂಬುದು ಈ ಬರಹದ ನಿಲುವು.

ಸಂವಹನದ ಬಗೆಗಿನ ಚಿಂತನೆಯಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಒಂದು ಮುಖ್ಯ ತಿರುವು ಕಾಣುತ್ತದೆ. ಬ್ರಿಟನ್ನಿನ ರಾಯಲ್ ಸೊಸೈಟಿ 1985ರಲ್ಲಿ ಹೊರತಂದ ಬಾಡ್ಮರ್ ವರದಿಯ ಹಿಂದೆ, ಜನರಿಗೆ ವಿಜ್ಞಾನದ ತಿಳಿವಳಿಕೆ ಸಾಲದು, ಅದನ್ನು ತುಂಬಿಕೊಟ್ಟರೆ ನಂಬಿಕೆಯೂ ಬೆಂಬಲವೂ ತಾವಾಗಿ ಬರುತ್ತವೆ ಎಂಬ ಗ್ರಹಿಕೆಯಿತ್ತು. ಹುಚ್ಚು ದನದ ರೋಗದ ವಿಷಯದಲ್ಲಿ ಸರ್ಕಾರ ಕೊಟ್ಟ ಭರವಸೆಗಳು 1996ರಲ್ಲಿ ಕುಸಿದುಬಿದ್ದ ಮೇಲೆ ಈ ಗ್ರಹಿಕೆ ಸಡಿಲಗೊಂಡು, 2000ದಲ್ಲಿ ಅಲ್ಲಿನ ಮೇಲ್ಮನೆಯ ಸಮಿತಿಯೊಂದು ವಿಜ್ಞಾನಕ್ಕೂ ಸಮಾಜಕ್ಕೂ ನಡುವೆ ಎರಡೂ ಕಡೆಯಿಂದ ಮಾತುಕತೆ ನಡೆಯಬೇಕೆಂದು ಹೇಳಿತು. ಕಾಗದದ ಮೇಲೆ ಈ ತತ್ತ್ವವನ್ನು ಇಂದು ಒಪ್ಪದ ಸಂಸ್ಥೆಯಿಲ್ಲ. ಆದರೆ ಕೇಳುವವರು ಬಡವರೂ ಓದು ಬಾರದವರೂ ಆಡಳಿತದ ಭಾಷೆಯಿಂದ ಹೊರಗುಳಿದವರೂ ಆಗಿರುವಲ್ಲಿ ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಆಂಧ್ರಪ್ರದೇಶದ ಪಶ್ಚಿಮ ಕರ್ನೂಲಿನಲ್ಲಿ, ಆದವಾನಿಯ ಸಮೀಪದಲ್ಲಿರುವ ಪೆದ್ದಕಡುಬೂರು ಈ ಪರೀಕ್ಷೆಗೆ ತಕ್ಕ ನೆಲ. ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಆಡಳಿತದ ಭಾಷೆ ತೆಲುಗಾಯಿತು. ಮನೆಮಾತಾಗಿ ಕನ್ನಡ ಅನೇಕ ಊರುಗಳಲ್ಲಿ ಉಳಿಯಿತು, ಕೆಲವೆಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಉಳಿದವು. ಇಲ್ಲಿನ ರೋಗಿ ಕರ್ನೂಲಿನ ದೊಡ್ಡಾಸ್ಪತ್ರೆಗೆ ಹೋದರೆ ತೆಲುಗಿನ ಕಾಗದವೂ ಬಳ್ಳಾರಿಗೆ ಹೋದರೆ ಕನ್ನಡದ ಕಾಗದವೂ ಕೈಗೆ ಬರುತ್ತವೆ. ಅಕ್ಷರಸ್ಥರ ಪ್ರಮಾಣ, ಅದರಲ್ಲೂ ಹೆಂಗಸರ ಓದು, ತೀರ ಕಡಿಮೆಯಿರುವ ಈ ಸೀಮೆಯಲ್ಲಿ ಎರಡನ್ನೂ ಓದಲಾರದವರು ಬಹಳ. ಸಂಶೋಧನೆಯ ಮೂಲ ದಾಖಲೆಗಳಾದರೋ ಇಂಗ್ಲಿಷಿನಲ್ಲಿರುತ್ತವೆ. ಹೀಗೆ ಇಂಗ್ಲಿಷಿನಿಂದ ತೆಲುಗಿಗೆ, ತೆಲುಗಿನಿಂದ ಮನೆಯ ಕನ್ನಡಕ್ಕೆ, ಬರಹದಿಂದ ಬಾಯಿಮಾತಿಗೆ ಇಳಿಯುವ ಮಾಹಿತಿ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಕಳೆದುಕೊಳ್ಳುತ್ತದೆ. ಮೊದಲು ಕಳೆದುಹೋಗುವುದು ಸಾಮಾನ್ಯವಾಗಿ ಅಪಾಯದ ಮಾತು, ಬೇಡವೆನ್ನಬಹುದೆಂಬ ಮಾತು.

ಈ ನೆಲಕ್ಕೆ ಹತ್ತಿರದ ದೊಡ್ಡ ಸಂಶೋಧನಾ ದತ್ತಿಸಂಸ್ಥೆಯೆಂದರೆ, ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ವೆಲ್‌ಕಮ್ ಟ್ರಸ್ಟೂ ಸೇರಿ 2008ರಲ್ಲಿ ಕಟ್ಟಿದ, ಹೈದರಾಬಾದಿನಲ್ಲಿ ಕಚೇರಿಯಿರುವ ಇಂಡಿಯಾ ಅಲಯನ್ಸ್. ವಿಜ್ಞಾನಿಗಳಿಗೆ ಫೆಲೋಶಿಪ್ ಕೊಡುವುದು ಅದರ ಮುಖ್ಯ ಕೆಲಸವಾದರೂ, ಸಂವಹನವನ್ನು ಸಂಶೋಧನೆಯ ಭಾಗವೆಂದೇ ಎಣಿಸಿ ಯುವ ಸಂಶೋಧಕರಿಗೆ ಕಾರ್ಯಾಗಾರಗಳನ್ನು ನಡೆಸಿದ್ದು ಆ ಸಂಸ್ಥೆಯ ಹೆಚ್ಚುಗಾರಿಕೆ. 2018ರಲ್ಲಿ ಅದು ಆರಂಭಿಸಿದ ‘ಸೂಪರ್‌ಹೀರೋಸ್ ಅಗೇನ್ಸ್ಟ್ ಸೂಪರ್‌ಬಗ್ಸ್’ ಎಂಬ ಕಾರ್ಯಕ್ರಮ, ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳ ವಿಷಯವನ್ನು ಶಾಲಾಮಕ್ಕಳಿಗೆ ಚಿತ್ರಕಥೆಗಳ ಮೂಲಕ ಮುಟ್ಟಿಸಿತು. ಮಕ್ಕಳ ಕೈಯಿಂದಲೇ ಚಿತ್ರಕಥೆಗಳನ್ನು ಬರೆಸಿದ್ದರಿಂದ ಅದರಲ್ಲಿ ಬೋಧನೆಗಿಂತ ಪಾಲುಗಾರಿಕೆ ಹೆಚ್ಚಾಗಿತ್ತು. ಆದರೆ ಆದವಾನಿ ಸೀಮೆಯ ಹಳ್ಳಿಗೆ ಆ್ಯಂಟಿಬಯಾಟಿಕ್ ಬರುವ ದಾರಿಯೇ ಬೇರೆ. ಆರ್‌ಎಂಪಿಗಳೆಂದು ಕರೆಸಿಕೊಳ್ಳುವ, ವೈದ್ಯಪದವಿಯಿಲ್ಲದ ಊರ ವೈದ್ಯರ ಸೂಜಿಯಿಂದ, ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಶಾಪಿನ ಗುಳಿಗೆಯಿಂದ ಅದು ಬರುತ್ತದೆ. ಜ್ವರದಿಂದ ಒಂದು ದಿನದ ಕೂಲಿ ಕಳೆದುಕೊಳ್ಳಲಾರದವರು ಬೇಗ ಏಳಿಸುವ ಮದ್ದನ್ನು ಬೇಡುವುದು ತಿಳಿವಳಿಕೆಯ ಕೊರತೆಯಿಂದಲ್ಲ. ಈ ಕಾರಣವನ್ನು ಕೇಳಿಸಿಕೊಂಡು ಸಂಶೋಧಕರಿಗೆ ಮರಳಿ ತಲುಪಿಸಿದಾಗ ಮಾತ್ರ ಸಂವಹನ ಎರಡು ಕಡೆಯದಾಗುತ್ತದೆ. ವಿಜ್ಞಾನಿಗಳಿಗೆ ಬರೆಯಲು ಕಲಿಸುವ ತರಬೇತಿಯಷ್ಟೇ ಕೇಳಲು ಕಲಿಸುವ ತರಬೇತಿಯೂ ಬೇಕೆಂಬುದು ಇದರಿಂದ ಸ್ಪಷ್ಟ. ಕೇಂದ್ರ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಈ ಸಹಭಾಗಿತ್ವದ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಾಗ 1,500 ಕೋಟಿ ರೂಪಾಯಿಯ ವೆಚ್ಚದಲ್ಲಿ 1,000 ಕೋಟಿ ಸರ್ಕಾರದ ಪಾಲೆಂದು ತಿಳಿಸಲಾಯಿತು. ಮೂರರಲ್ಲಿ ಎರಡು ಪಾಲು ಸಾರ್ವಜನಿಕರ ಹಣವಿರುವಾಗ ಸಾರ್ವಜನಿಕರಿಗೆ ಉತ್ತರ ಕೊಡುವುದು ಔದಾರ್ಯವಲ್ಲ, ಕರ್ತವ್ಯ.

ಸಂವಹನ ಸೋತರೆ ಏನಾಗುತ್ತದೆ ಎಂಬುದನ್ನು ಆಗಿನ ಆಂಧ್ರಪ್ರದೇಶದಲ್ಲೇ ನಡೆದ ಪ್ರಕರಣವೊಂದು ತೋರಿಸುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ವಿರುದ್ಧದ ಲಸಿಕೆಯನ್ನು, ಗೇಟ್ಸ್ ಪ್ರತಿಷ್ಠಾನದ ಹಣದಿಂದ, ಅಮೆರಿಕದ ಲಾಭರಹಿತ ಸಂಸ್ಥೆಯಾದ ಪಾಥ್ 2009ರಲ್ಲಿ ಖಮ್ಮಂ ಜಿಲ್ಲೆಯ ಸುಮಾರು 14 ಸಾವಿರ ಬಾಲಕಿಯರಿಗೂ ಗುಜರಾತಿನ ವಡೋದರದ ಸುಮಾರು 10 ಸಾವಿರ ಬಾಲಕಿಯರಿಗೂ ಕೊಡಿಸಲು ತೊಡಗಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಜ್ಯ ಸರ್ಕಾರಗಳೂ ಇದರಲ್ಲಿ ಜೊತೆಗೂಡಿದ್ದವು. ಖಮ್ಮಂನಲ್ಲಿ ಲಸಿಕೆ ಪಡೆದವರಲ್ಲಿ ಅನೇಕರು ಸರ್ಕಾರಿ ಹಾಸ್ಟೆಲುಗಳಲ್ಲಿದ್ದ ಆದಿವಾಸಿ ಮಕ್ಕಳು. ಎರಡೂ ರಾಜ್ಯಗಳಿಂದ ಒಟ್ಟು ಏಳು ಬಾಲಕಿಯರ ಸಾವಿನ ಸುದ್ದಿ ಬಂದು, ಮಹಿಳಾ ಆರೋಗ್ಯ ಸಂಘಟನೆಗಳು ಪ್ರಶ್ನೆಯೆತ್ತಿ, 2010ರ ಏಪ್ರಿಲ್‌ನಲ್ಲಿ ಕಾರ್ಯಕ್ರಮ ನಿಂತಿತು.

ಈ ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಂಭವ ಕಡಿಮೆಯೆಂದು ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಕಂಡುಕೊಂಡಿತು. ನೀರಿನಲ್ಲಿ ಮುಳುಗುವಿಕೆ, ಹಾವುಕಡಿತ, ಕೀಟನಾಶಕದ ಸೇವನೆ ಮುಂತಾದವು ಅಲ್ಲಿ ದಾಖಲಾದ ಕಾರಣಗಳು. ಲಸಿಕೆಯ ವಿಜ್ಞಾನ ಗಟ್ಟಿಯಾಗಿಯೇ ಇತ್ತು, ಸೋತದ್ದು ಒಪ್ಪಿಗೆ. ತಿಳಿದು ಕೊಡುವ ಒಪ್ಪಿಗೆಯೆಂದರೆ, ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಅರಿತ ಮೇಲೆ ವ್ಯಕ್ತಿಯೋ ಮಕ್ಕಳ ವಿಷಯದಲ್ಲಿ ತಂದೆತಾಯಿಯರೋ ಸ್ವಂತ ಇಚ್ಛೆಯಿಂದ ಹೂಂ ಎನ್ನುವುದು. ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2013ರ ಆಗಸ್ಟ್‌ನಲ್ಲಿ ಮಂಡಿಸಿದ 72ನೆಯ ವರದಿಯ ಪ್ರಕಾರ ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು, 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲಿನ ವಾರ್ಡನ್‌ಗಳು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ನಿನ ಚಿಹ್ನೆಯನ್ನು ಬಳಸಿದ್ದರಿಂದ ಇದು ಸರ್ಕಾರದ ನಿತ್ಯದ ಲಸಿಕೆಯೆಂದು ಜನ ನಂಬಲು ಎಡೆಯಾಯಿತು. ವರದಿಯ ತೀರ್ಮಾನಗಳನ್ನು ಪಾಥ್ ಒಪ್ಪಲಿಲ್ಲ. ತನ್ನದು ಔಷಧ ಪ್ರಯೋಗವಲ್ಲ, ಲಸಿಕೆಯನ್ನು ತಲುಪಿಸುವ ಬಗೆಯ ಅಧ್ಯಯನ ಮಾತ್ರ ಎಂಬುದು ಅದರ ವಾದ. ವಿಮರ್ಶೆಯ ದೃಷ್ಟಿಯಿಂದ ಈ ವಾದ ನಿಲ್ಲುವುದಿಲ್ಲ, ಏಕೆಂದರೆ ಅಧ್ಯಯನಕ್ಕೂ ಸರ್ಕಾರಿ ಕಾರ್ಯಕ್ರಮಕ್ಕೂ ಇರುವ ಅಂತರ ತಜ್ಞರಿಗೆ ಗೊತ್ತಿದ್ದು ತೋಳೊಡ್ಡಿದ ಮಗುವಿನ ತಾಯಿಗೆ ಗೊತ್ತಿಲ್ಲದಿದ್ದರೆ, ಆ ಅಂತರವನ್ನು ಬಿಡಿಸಿ ಹೇಳಬೇಕಾಗಿದ್ದವರೇ ತಪ್ಪಿದಂತಾಯಿತು.

ಇದರ ಬೆಲೆಯನ್ನು ತೆತ್ತವರು ಹೆಂಗಸರು. ಭಾರತದಲ್ಲಿ ಪ್ರತಿವರ್ಷ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಲಸಿಕೆಯ ಮೇಲೆ ಬಿದ್ದ ಅನುಮಾನದ ನೆರಳು ಬೇಗ ಸರಿಯಲಿಲ್ಲ. ಸಿಕ್ಕಿಂ ತನ್ನ ಬಾಲಕಿಯರಿಗೆ ಅದನ್ನು ರಾಜ್ಯದುದ್ದಕ್ಕೂ ಕೊಡಲು 2018 ಬರಬೇಕಾಯಿತು, ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಮಾರುಕಟ್ಟೆಗೆ ಬಂದದ್ದು 2023ರಲ್ಲಿ. ಈ ವಿಳಂಬಕ್ಕೆ ಲಸಿಕೆಯ ಬೆಲೆಯೂ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಆದರೂ ಕೆಟ್ಟ ಸಂವಹನ ಕೇವಲ ಸಂಸ್ಥೆಯ ಹೆಸರನ್ನು ಕೆಡಿಸುವುದಿಲ್ಲ, ಒಳ್ಳೆಯ ಮದ್ದನ್ನೂ ಅನುಮಾನಕ್ಕೆ ಈಡುಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕಿಲ್ಲ.

ಇದೇ ಗೇಟ್ಸ್ ಪ್ರತಿಷ್ಠಾನದ ಬೆಂಬಲದಿಂದ ಮೈಸೂರಿನಲ್ಲಿ ನಡೆದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಎಚ್‌ಐವಿ ತಡೆಯುವ ಕಾರ್ಯಕ್ರಮದೊಳಗಿಂದ 2000ದ ದಶಕದ ನಡುವಿನಲ್ಲಿ ರೂಪುಗೊಂಡ, ಲೈಂಗಿಕ ವೃತ್ತಿಯಲ್ಲಿರುವವರೇ ಮುನ್ನಡೆಸುವ ಅಶೋದಯ ಸಮಿತಿ, ಸೋಂಕಿಲ್ಲದವರು ಮುಂಜಾಗ್ರತೆಗಾಗಿ ದಿನವೂ ನುಂಗುವ ಗುಳಿಗೆಯ ಅಧ್ಯಯನಕ್ಕೆ ಕೈಹಾಕುವ ಮುನ್ನ ಸದಸ್ಯರ ನಡುವೆ ದೀರ್ಘ ಸಮಾಲೋಚನೆ ನಡೆಸಿತು. ಅಡ್ಡಪರಿಣಾಮಗಳೇನು, ಗುಳಿಗೆಯನ್ನು ಕಂಡವರು ತಮ್ಮನ್ನು ಸೋಂಕಿತರೆಂದು ಭಾವಿಸಿದರೆ ಗತಿಯೇನು ಎಂಬಂಥ ಪ್ರಶ್ನೆಗಳು ಅಧ್ಯಯನದ ರೂಪವನ್ನೇ ತಿದ್ದಬಲ್ಲವು. ಕಾಂಬೋಡಿಯದಲ್ಲಿ 2004ರಲ್ಲಿ ಇಂಥದೇ ಪ್ರಯೋಗ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರ ವಿರೋಧದ ನಂತರ ಪ್ರಧಾನಿಯ ಆದೇಶದಿಂದ ನಿಂತುಹೋಗಿತ್ತು, ಮತ್ತು ಅದರ ಪಾಠದಿಂದಲೇ ಸಮುದಾಯದೊಡನೆ ಸೇರಿ ಪ್ರಯೋಗ ನಡೆಸುವ ಬಗೆಗಿನ ಅಂತರರಾಷ್ಟ್ರೀಯ ಸೂಚನೆಗಳು 2007ರಲ್ಲಿ ಬಂದವು. ಮೈಸೂರಿನಲ್ಲಿ ಬಹುಪಾಲು ಮಹಿಳೆಯರು ಅಧ್ಯಯನದ ಕೊನೆಯವರೆಗೂ ಉಳಿದರು. ಖಮ್ಮಂಗೂ ಮೈಸೂರಿಗೂ ಇರುವ ವ್ಯತ್ಯಾಸ ಕರಪತ್ರದ ಭಾಷೆಯದಲ್ಲ, ಅಧಿಕಾರದ್ದು: ಒಂದೆಡೆ ಮಕ್ಕಳ ಪರವಾಗಿ ವಾರ್ಡನ್ ಒಪ್ಪಿದರು, ಇನ್ನೊಂದೆಡೆ ಪಾಲ್ಗೊಳ್ಳುವವರು ಸಂಘಟಿತರಾಗಿದ್ದರು, ಒಪ್ಪುವ ಮುನ್ನ ಪ್ರಶ್ನಿಸಿದರು, ಬೇಡವೆನ್ನುವ ಬಲವನ್ನೂ ಹೊಂದಿದ್ದರು.

ಖಮ್ಮಂನ ತರುವಾಯ ಕಾನೂನು ಬಿಗಿಯಾಯಿತು. ದುರ್ಬಲ ಸ್ಥಿತಿಯಲ್ಲಿರುವವರ ಮೇಲೆ ಹೊಸ ರಾಸಾಯನಿಕ ಔಷಧವನ್ನು ಪ್ರಯೋಗಿಸುವಾಗ ಒಪ್ಪಿಗೆಯ ಮಾತುಕತೆಯನ್ನು ದೃಶ್ಯ ಮತ್ತು ಧ್ವನಿಯಲ್ಲಿ ದಾಖಲಿಸಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ವಿಧಿಸುತ್ತವೆ. ಇವು ಅಗತ್ಯವಾದ ಕಾವಲುಗಳು. ಆದರೆ ನಿಯಮ ಕಾಯುವುದು ಒಪ್ಪಿಗೆ ಪಡೆಯುವ ಆ ಒಂದು ಗಳಿಗೆಯನ್ನು; ಅದರ ಹಿಂದುಮುಂದಿನ ತಿಂಗಳುಗಳು ಸಂವಹನದ ಮುಖ್ಯಸ್ಥರ ಪಾಲಿನವು. ಪೆದ್ದಕಡುಬೂರು, ಕೋಸಿಗಿ ಮಂಡಲಗಳಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೂ ಕಟ್ಟಡದ ಕೂಲಿಗೆ ಬೆಂಗಳೂರು, ಹೈದರಾಬಾದುಗಳಿಗೂ ಗುಳೆ ಹೋಗುತ್ತವೆ. ಅಧ್ಯಯನಕ್ಕೆ ಸೇರಿದ ಹೆಂಗಸು ಗುಂಟೂರಿನ ಹೊಲದಲ್ಲಿರುವಾಗ ಮೈಗೆ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಆ ಕಡೆಯಿಂದ ಕನ್ನಡದಲ್ಲಿ ಮಾತನಾಡುವವರಿದ್ದಾರೆಯೇ, ಫಲಿತಾಂಶ ಬಂದ ಮೇಲೆ ಅದನ್ನು ಅವಳಿಗೆ ಹೇಳುವವರಾರು ಎಂಬ ಪ್ರಶ್ನೆಗಳಿಗೆ ಅಧ್ಯಯನದ ಯೋಜನೆಯಲ್ಲೇ, ಅದರ ಹಣದ ಲೆಕ್ಕದಲ್ಲೇ ಉತ್ತರವಿರಬೇಕು. ಆಶಾ ಕಾರ್ಯಕರ್ತೆ ಊರಿನ ಮಾತನ್ನು ಬಲ್ಲವಳೆಂಬುದು ದೊಡ್ಡ ಅನುಕೂಲ. ಆದರೆ ಜನರನ್ನು ಸೇರಿಸಿದ್ದಕ್ಕೆ ಮಾತ್ರ ಅವಳಿಗೆ ಹಣ ಸಂದಾಯವಾಗಿ, ಅವರ ಅನುಮಾನಗಳನ್ನು ಮೇಲಕ್ಕೆ ತಲುಪಿಸಿದ್ದಕ್ಕೆ ಏನೂ ಸಲ್ಲದಿದ್ದರೆ, ಅವಳೂ ವಾರ್ಡನ್ನಿನ ಸ್ಥಾನಕ್ಕೇ ಜಾರುತ್ತಾಳೆ.

ಕನ್ನಡದ ವೈದ್ಯಸಾಹಿತ್ಯ ಈ ಕೆಲಸಕ್ಕೆ ಒಳ್ಳೆಯ ತಳಹದಿ ಹಾಕಿಕೊಟ್ಟಿದೆ. ಹೆರಿಗೆ, ಶಿಶುಪಾಲನೆ, ದಾಂಪತ್ಯಗಳ ಬಗ್ಗೆ ಸಂಕೋಚವಿಲ್ಲದೆ ಬರೆದ ಅನುಪಮಾ ನಿರಂಜನ, ಮನೋರೋಗಗಳ ಭಯವನ್ನು ಬಿಡಿಸಿದ ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಮುಂತಾದವರು ವೈದ್ಯರ ತಿಳಿವನ್ನು ಮನೆಯ ಮಾತಾಗಿಸಿದರು. ಆದರೆ ಈ ಪರಂಪರೆಯ ಬಹುಪಾಲು ಬರಹಗಳು ಖಚಿತವಾಗಿ ಗೊತ್ತಾದ ಸಂಗತಿಗಳನ್ನು ತಿಳಿಸುತ್ತವೆ. ಇನ್ನೂ ಗೊತ್ತಾಗದ್ದನ್ನು ವಿಜ್ಞಾನಿಗಳು ಹೇಗೆ ಹುಡುಕುತ್ತಾರೆ, ಒಂದು ಗುಂಪಿಗೆ ಮದ್ದನ್ನೂ ಇನ್ನೊಂದಕ್ಕೆ ಮದ್ದಿಲ್ಲದ ಹುಸಿಗುಳಿಗೆಯನ್ನೂ ಏಕೆ ಕೊಡುತ್ತಾರೆ, ಯಾರು ಯಾವ ಗುಂಪಿಗೆಂಬುದನ್ನು ಏಕೆ ಚೀಟಿಯೆತ್ತಿದಂತೆ ನಿರ್ಧರಿಸುತ್ತಾರೆ ಎಂಬುದು ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಯವಾಗಿಲ್ಲ. ಚಿಕಿತ್ಸೆಗೂ ಪ್ರಯೋಗಕ್ಕೂ ಇರುವ ಈ ಭೇದ ಮನಸ್ಸಿಗೆ ಹತ್ತದೆ ನಿಜವಾದ ಒಪ್ಪಿಗೆ ಸಾಧ್ಯವಿಲ್ಲ. ದತ್ತಿಸಂಸ್ಥೆಗಳ ಹಣವೂ ಪರಿಣತಿಯೂ ತುಂಬಬೇಕಾದ ತೆರಪು ಇದೇ.

ಆದ್ದರಿಂದ ಈ ಹುದ್ದೆಯ ಯಶಸ್ಸನ್ನು ಪತ್ರಿಕೆಗಳಲ್ಲಿ ಬಂದ ಸುದ್ದಿಯ ಎಣಿಕೆಯಿಂದಾಗಲಿ ಪ್ರಶಸ್ತಿಗಳಿಂದಾಗಲಿ ಅಳೆಯುವ ಪದ್ಧತಿಯನ್ನು ಕೈಬಿಡಬೇಕಾಗಿದೆ. ಒಪ್ಪಿಗೆಯ ಮಾತುಕತೆಯ ನಂತರ ಪಾಲ್ಗೊಂಡವರು ತಮ್ಮ ಮಾತಿನಲ್ಲಿ ಅಧ್ಯಯನವನ್ನು ತಿರುಗಿ ಹೇಳಬಲ್ಲರೇ, ಬೇಡವೆಂದವರನ್ನು ಗೌರವದಿಂದ ಕಾಣಲಾಯಿತೇ, ಜನ ಕೇಳಿದ ಪ್ರಶ್ನೆಗಳಿಂದ ಅಧ್ಯಯನದಲ್ಲಿ ಏನಾದರೂ ಬದಲಾಯಿತೇ, ಫಲಿತಾಂಶ ಅವರ ಮನೆಬಾಗಿಲಿಗೆ ಮರಳಿತೇ ಎಂಬುವೇ ಸರಿಯಾದ ಅಳತೆಗಳು. ಇವುಗಳಲ್ಲಿ ಯಾವುದಾದರೂ ತಪ್ಪಿದೆಯೆಂದು ಕಂಡಾಗ ಅಧ್ಯಯನವನ್ನು ತಡೆಹಿಡಿಯಿರೆಂದು ಹೇಳುವ ಹಕ್ಕು ಸಂವಹನದ ಮುಖ್ಯಸ್ಥರಿಗೆ ಇರಬೇಕು, ಆ ಮಾತಿಗೆ ಸಂಶೋಧಕರೂ ಆಡಳಿತ ಮಂಡಳಿಯೂ ಕಿವಿಗೊಡಲೇಬೇಕೆಂಬ ಕಟ್ಟಳೆಯಿರಬೇಕು. ಅಂಥ ಅಧಿಕಾರವಿಲ್ಲದ ಸಂವಹನ ಎಷ್ಟೇ ಸುಂದರವಾಗಿದ್ದರೂ ಪ್ರಚಾರವಾಗಿಯೇ ಉಳಿಯುತ್ತದೆ. ಅದು ದೊರೆತಲ್ಲಿ ಪೆದ್ದಕಡುಬೂರಿನಂಥ ಗಡಿಸೀಮೆಯ ಮಂಡಲದ ಜನರು ಸಂಶೋಧನೆಗೆ ಮೈಯೊಡ್ಡುವವರಾಗಿ ಮಾತ್ರ ಉಳಿಯದೆ, ಅದರ ಬಗ್ಗೆ ತೀರ್ಮಾನ ಹೇಳುವ ಸಮಾನ ಪಾಲುಗಾರರಾಗುತ್ತಾರೆ.